ಹಳೆ ಸೋಲಾರ್ ಪ್ಯಾನೆಲ್ ಭಂಗಾರ್‌ದವಗ ಕೊಡೂದೋ ಬ್ಯಾಡೋ?

ಪ್ರಶ್ನೆ: ಸರ್ ನಮಸ್ಕಾರ. ನಾವು ಪುಣೆ ಸಿಂಹಗಡ ರೋಡ್ ಕಡೆ ಇರೋರು, ಮೂಲ ಬೆಳಗಾವಿ. ನಮ್ಮ ಸೊಸೈಟಿಗೆ ನಾನೇ ಸೆಕ್ರೆಟರಿ. 2016ರಾಗ ಟೆರೇಸ್ ಮ್ಯಾಲೆ 10 ಕಿಲೋವ್ಯಾಟಿನ ಸೋಲಾರ್ ಹಾಕಿಸಿದ್ವಿ, 250 ವ್ಯಾಟಿನ 40 ಪ್ಯಾನೆಲ್ ಅವ. ಹೋದ ಮಳಿಗಾಲದಿಂದ ಕರೆಂಟ್ ಬರೂದು ಸುಮಾರು ಅರ್ಧಕ್ಕ ಇಳದದ. ನಾಕು ಪ್ಯಾನೆಲ್ ಮ್ಯಾಲೆ ಕಂದು ಬಣ್ಣದ ಗೆರಿ ಬಂದಾವ, ಎರಡರ ಗಾಜು ಒಡದದ. ಹಾಕಿಕೊಟ್ಟವರು ಅಂಗಡಿ ಮುಚ್ಚಿಕೊಂಡು ಹೋಗ್ಯಾರ. ಈಗ ಟೆರೇಸ್ ವಾಟರ್‌ಪ್ರೂಫಿಂಗ್ ಮಾಡಿಸಬೇಕು, ಅಂದ್ರ ಎಲ್ಲಾ ಬಿಚ್ಚಬೇಕು. ಒಬ್ಬ ಸೇಲ್ಸ್‌ನವ ಬಂದು ಇವು ಸತ್ತಾವ, 550 ವ್ಯಾಟಿನ ಹೊಸಾವು 18 ಹಾಕ್ರಿ ಅಂತಾನ. ಭಂಗಾರ್‌ದವ (ಗುಜರಿಯವ) ಪ್ಯಾನೆಲ್‌ಗೆ 250 ರೂಪಾಯಿ ಕೊಡ್ತೀನಿ ಅಂತಾನ. ಕಮಿಟಿಯೊಳಗ ಒಬ್ರು ಇದು ವಿಷ, ಹುಡುಗ್ರನ್ನ ಟೆರೇಸಿಗೆ ಬಿಡಬ್ಯಾಡ್ರಿ ಅಂತಾರ, ಇನ್ನೊಬ್ರು ಊರಿನ ಸಾಲಿಗೆ ದಾನ ಮಾಡೂಣು ಅಂತಾರ. ಏನ್ ಮಾಡೂದು ಹೇಳ್ರಿ.

ಉತ್ತರ: ನಮಸ್ಕಾರ ಅಕ್ಕಾರ. ಮೊದಲ ಸಣ್ಣದಾಗಿ ಹೇಳಿಬಿಡ್ತೀನಿ, ಆಮ್ಯಾಲೆ ಉದ್ದ ಕಥಿ. ನಿಮ್ಮ 40 ಪ್ಯಾನೆಲ್‌ದಾಗ ಬಹಳಷ್ಟು ಸತ್ತಿಲ್ಲ ಅಂತ ನನಗ ಅನಿಸ್ತದ. ಸತ್ತಾವು ಯಾವು ಅಂತ ಗೊತ್ತಾದ ಮ್ಯಾಲೆ ಅವನ್ನ ಫ್ರೇಮ್ ಸಮೇತ, ಹಿಂದಿನ ಕರಿ ಡಬ್ಬಿ ಸಮೇತ, ವೈರ್ ಸಮೇತ ಇಡೀ ಪ್ಯಾನೆಲ್ಲಾಗೇ ರಿಜಿಸ್ಟರ್ ಆದ ರಿಸೈಕ್ಲರ್‌ಗೆ ಕೊಡ್ರಿ. ಫ್ರೇಮ್ ಬಿಚ್ಚಿ ಮಾತ್ರ ಮಾರಬ್ಯಾಡ್ರಿ. ಇಷ್ಟ ಸಾಕು ಅನ್ನೋರು ಇಲ್ಲೇ ನಿಲ್ಲಬಹುದು, ಆದ್ರ ಕಮಿಟಿಯೊಳಗ ಒಬ್ಬೊಬ್ರು ಒಂದೊಂದು ಅಂತಾರ ಅಂದ್ರಲ್ಲ, ಮೀಟಿಂಗ್‌ನ್ಯಾಗ ಹತ್ತು ಮಂದಿ ಹತ್ತು ಕೇಳ್ತಾರ, ಅದಕ್ಕ ಎಲ್ಲಾ ಬರೀತೀನಿ.

ನಿಮ್ಮ ಪ್ರಶ್ನೆಯೊಳಗ ನನ್ನ ಕಣ್ಣಿಗೆ ಬಿದ್ದ ಶಬ್ದ ಒಂದೇ, "ಅರ್ಧ". ಪ್ಯಾನೆಲ್ ವಯಸ್ಸಾಗಿ ಸಾಯೂದು ಹಿಂಗಲ್ರಿ. ವರ್ಷಕ್ಕ ಅರ್ಧ ಪರ್ಸೆಂಟ್, ಮುಕ್ಕಾಲು ಪರ್ಸೆಂಟ್, ಹಂಗ ಸವೀತಾವ, ನಮ್ಮ ಮೊಣಕಾಲು ಸವದಂಗ, ಒಂದಿನ ಮುಂಜಾನೆ ಎದ್ದು ಅರ್ಧ ಆಗೂದಿಲ್ಲ. 2016ರ 250 ವ್ಯಾಟಿನ ಪ್ಯಾನೆಲ್ ಇವತ್ತು 230 ವ್ಯಾಟ್ ಆಸುಪಾಸು ಕೊಡಬೇಕು. ಕಂಪನಿಗಳು 25 ವರ್ಷಕ್ಕ 80 ಪರ್ಸೆಂಟ್ ಅಂತ ವಾರಂಟಿ ಬರಕೊಡೂದು ಸುಮ್ಮನ ಅಲ್ಲ. ಮತ್ತ ಮಳಿಗಾಲ ಆದ ಮ್ಯಾಲೆ ಒಮ್ಮೆಲೆ ಅರ್ಧ ಆತು ಅಂದ್ರ ಏನು? ನಿಮ್ಮಂಥಾ 40 ಪ್ಯಾನೆಲ್ ಸಿಸ್ಟಮನ್ನ ಸಾಮಾನ್ಯವಾಗಿ 20-20ರ ಎರಡು ಸ್ಟ್ರಿಂಗ್ ಮಾಡಿ ಜೋಡಿಸಿರ್ತಾರ, ಸರಪಳಿ ಇದ್ದಂಗ, ಒಂದು ಕೊಂಡಿ ಕಡದ್ರ ಆ 20 ಪೂರಾ ಬಂದ್. ಅಂದ್ರ ಎಲ್ಲೋ ಒಂದು ಎಂಸಿ4 ಕನೆಕ್ಟರ್ (ಪ್ಯಾನೆಲ್ ವೈರ್ ಕೂಡಿಸೋ ಪ್ಲಗ್) ಒಳಗ ನೀರು ಹೋಗಿ ಸುಟ್ಟದ, ಇಲ್ಲಾ ಡಿಸಿ ಬಾಕ್ಸ್ (ಪ್ಯಾನೆಲ್ ವೈರ್ ಬಂದು ಸೇರೋ ಡಬ್ಬಿ) ಒಳಗ ಫ್ಯೂಸ್ ಹೋಗ್ಯದ, ಇಲ್ಲಾ ಇಲಿ ವೈರ್ ಕಡದದ. ಒಡದ ಗಾಜಿನ ಆ ಎರಡು ಪ್ಯಾನೆಲ್ಲೂ ಒಂದೇ ಸ್ಟ್ರಿಂಗ್‌ನ್ಯಾಗ ಇದ್ರ ಅಲ್ಲೇ ಕರೆಂಟ್ ಸೋರಿ ತೊಂದರಿ ಆಗಿರಬಹುದು.

ಇದನ್ನ ನೋಡಾಕ ರೊಕ್ಕ ಬೇಕಾಗಿಲ್ಲ. ಮಧ್ಯಾಹ್ನ ಹನ್ನೆರಡಕ್ಕ ಇನ್ವರ್ಟರ್ (ಪ್ಯಾನೆಲ್ ಕರೆಂಟನ್ನ ಮನಿ ಕರೆಂಟ್ ಮಾಡೋ ಯಂತ್ರ) ಮುಂದ ನಿಂತು ಬಟನ್ ಒತ್ತಿ ನೋಡ್ರಿ, ಪಿವಿ1 ಪಿವಿ2 ಅಂತ ಸ್ಟ್ರಿಂಗ್‌ಗೆ ಒಂದರಂಗ ಎರಡು ಲೈನ್ ತೋರಸ್ತದ, ವೋಲ್ಟು ಆಂಪು ಎರಡೂ. ಒಂದರಾಗ ಏಳು ಎಂಟು ಆಂಪ್ ಇದ್ದು ಇನ್ನೊಂದು ಸೊನ್ನೆ ಇದ್ರ ಆ ಸೇಲ್ಸ್‌ನವಗ ಚಹಾ ಕುಡಿಸಿ ಕಳಸ್ರಿ.

ಹೋದ ವರ್ಷ ಧಾನೋರಿ ಕಡೆ ಒಂದು ಸೊಸೈಟಿ, ಕನ್ನಡದವರೇ ಹೆಚ್ಚು ಇದ್ದಾರ ಅಲ್ಲಿ, ಇದೇ ಗೋಳು. ಪ್ಯಾನೆಲ್ ಬದಲಿಗೆ ಕೊಟೇಶನ್ ಸುದ್ದಾ ತಗೊಂಡಿದ್ರು. ನಾನು ಹೋಗಿ ಪ್ಯಾನೆಲ್ ಕೆಳಗ ಅಂಗಾತ ಮಲಗಿ ಟಾರ್ಚ್ ಹಿಡದು ನೋಡಿದ್ರ ಪಾರಿವಾಳ ಗೂಡು ಕಟ್ಟಿ ಮರಿ ಮಾಡಿ, ಆ ಹಿಕ್ಕಿ ರಾಶಿಯೊಳಗ ಒಂದು ಕನೆಕ್ಟರ್ ಮುಳುಗಿ ಕುಂತಿತ್ತು, ತಗದು ನೋಡಿದ್ರ ಒಳಗ ಪಿನ್ ಹಸರು ಹಿಡದು ಕರಗಿ ಹೋಗಿತ್ತು. ಹೊಸಾ ಜೋಡಿ ಹಾಕಿದ್ವಿ, ಮುಗೀತು. ಪಾರಿವಾಳದ್ದು ಮಾತ್ರ ಇನ್ನೂ ಮುಗದಿಲ್ಲ, ಅದು ಪುಣೆಯೊಳಗ ಮುಗಿಯೋ ವಿಷಯನೂ ಅಲ್ಲ.

ಸರಿ, ಹೆಂಗೂ ವಾಟರ್‌ಪ್ರೂಫಿಂಗ್‌ಗೆ ಎಲ್ಲಾ ಬಿಚ್ಚತೀರಿ, ಅವಾಗ ಒಂದೊಂದೇ ಪ್ಯಾನೆಲ್ ಚೆಕ್ ಮಾಡಸ್ರಿ. ಬಿಸಿಲಿಗೆ ಇಟ್ಟು ಮಲ್ಟಿಮೀಟರ್ ಹಿಡದ್ರ ನಿಮ್ಮ 60 ಸೆಲ್ಲಿನ (ಒಳಗಿನ ಒಂದೊಂದು ಚೌಕಕ್ಕ ಸೆಲ್ ಅಂತಾರ) ಪ್ಯಾನೆಲ್ ಯಾವುದಕ್ಕೂ ಜೋಡಿಸದ ಖಾಲಿ ಇದ್ದಾಗ 37 ವೋಲ್ಟ್ ಹತ್ರ ತೋರಸಬೇಕು, ಏಪ್ರಿಲ್ ಬಿಸಿಲಿಗೆ ಕಾದಿದ್ರ 33ಕ್ಕ ಇಳದಿರ್ತದ, ಅದಕ್ಕ ಗಾಬರಿ ಬ್ಯಾಡ, ಬಾಜೂದ ಪ್ಯಾನೆಲ್ ಜೋಡಿ ತಾಳೆ ಹಾಕಿ ನೋಡೂದು. ಎಲ್ಲಾ 34 ಇದ್ದು ಒಂದು ಮಾತ್ರ 22-23 ತೋರಿಸಿದ್ರ ಹಿಂದಿನ ಡಬ್ಬಿಯೊಳಗಿನ ಮೂರು ಡಯೋಡ್‌ದಾಗ ಒಂದು ಶಾರ್ಟ್ ಆಗ್ಯದ ಅಂತ ಅರ್ಥ, ಮೂರರಾಗ ಒಂದು ಪಾಲು ವೋಲ್ಟೇಜ್ ಹೋಗಿರ್ತದ. ಡಬ್ಬಿ ಬಿಚ್ಚಾಕ ಬರೋ ಮಾಡೆಲ್ ಇದ್ರ ಡಯೋಡ್ ಬದಲಿ ಮಾಡಬಹುದು, ಸಣ್ಣ ಖರ್ಚು, ಆದ್ರ ಭಾಳ ಕಂಪನಿಯವರು ಡಬ್ಬಿಗೆ ಸಿಲಿಕೋನ್ ಅಂಟು ತುಂಬಿಬಿಟ್ಟಿರ್ತಾರ, ಅಲ್ಲಿ ಆಟ ನಡೆಯೂದಿಲ್ಲ. ಆಮ್ಯಾಲೆ ಬೆನ್ನು ನೋಡ್ರಿ. ಪ್ಯಾನೆಲ್‌ದ ಜೀವ ಅದರ ಬೆನ್ನಿನ ಬಿಳಿ ಹಾಳಿಯೊಳಗ ಅದ, ಬ್ಯಾಕ್‌ಶೀಟ್ ಅಂತಾರ. ಬೆರಳಿಲೆ ಒರಸಿದ್ರ ಸುಣ್ಣದಂಗ ಪುಡಿ ಹತ್ತಿದ್ರ, ಉದ್ದುದ್ದ ಸೀಳು ಬಿಟ್ಟಿದ್ರ, ಉಬ್ಬಿದ್ರ, ಆ ಪ್ಯಾನೆಲ್ ಎಷ್ಟೇ ವೋಲ್ಟ್ ಕೊಡಲಿ, ಅದನ್ನ ಮತ್ತ ಏರಸಬಾರ್ದು, 20 ಪ್ಯಾನೆಲ್ ಸರಪಳಿಯೊಳಗ 700 ವೋಲ್ಟ್ ಮ್ಯಾಲೆ ಇರ್ತದ, ಮಳಿಯೊಳಗ ಫ್ರೇಮ್ ಮುಟ್ಟಿದವನ ಗತಿ ಹೇಳಾಕ ಬರೂದಿಲ್ಲ. ಸಂಶಯ ಇದ್ರ ಮೆಗ್ಗರ್ (ಕರೆಂಟ್ ಸೋರಿಕಿ ತೋರಸೋ ಮೀಟರ್) ಹಾಕಿ ಇನ್ಸುಲೇಶನ್ ನೋಡಸ್ರಿ, ಒಳ್ಳೆ ಎಲೆಕ್ಟ್ರಿಶಿಯನ್ ಹತ್ರ ಇರ್ತದ.

ನಿಮ್ಮ ಕಂದು ಗೆರಿಗೆ ನಮ್ಮ ಲೈನಿನವರು ಸ್ನೇಲ್ ಟ್ರೇಲ್ ಅಂತಾರ, ಬಸವನಹುಳ ಹರದಾಡಿದಂಗ ಕಾಣ್ತದ ಅಂತ ಆ ಹೆಸರು. ಒಳಗ ಸೆಲ್ ಕೂದಲೆಳೆಯಷ್ಟು ಸೀಳಿರ್ತದ, ಆ ಸೀಳಿನಗುಂಟ ತೇವ ಹೋಗಿ ಬೆಳ್ಳಿ ಗೆರಿ ಕಪ್ಪಾಗಿರ್ತದ. ನೋಡಾಕ ಅಸಹ್ಯ, ಆದ್ರ ಗೆರಿ ಅದ ಅಂತ ಪ್ಯಾನೆಲ್ ಸತ್ತದ ಅನ್ನಾಕ ಬರೂದಿಲ್ಲ, ಮೀಟರ್ ಏನ್ ಹೇಳ್ತದೋ ಅದೇ ಖರೆ. ಒಡದ ಗಾಜಿನ ಎರಡು ಮಾತ್ರ ಸತ್ತಾವ, ಕರೆಂಟ್ ಕೊಡ್ತಿದ್ರೂ ಸತ್ತಂಗ, ಅದರಾಗ ಚರ್ಚೆ ಇಲ್ಲ.

ಪುಣೆ ಹವಾ ಪ್ಯಾನೆಲ್‌ಗೆ ಒಳ್ಳೇದು ಅನ್ನೂದನ್ನೂ ಹೇಳ್ತೀನಿ. ಗೋವಾದೊಳಗ ವಾಸ್ಕೋ ಕಡೆ ಸಮುದ್ರಕ್ಕ ಹತ್ತೇ ಇದ್ದ ಒಂದು ಲಾಡ್ಜ್‌ದ ಪ್ಯಾನೆಲ್ ಎಂಟೇ ವರ್ಷಕ್ಕ ನೋಡಾಕ ಹೋಗಿದ್ದೆ. ಫ್ರೇಮಿನ ಮೂಲಿ ಉಪ್ಪು ಹಿಡದು ಹಿಟ್ಟಾಗಿತ್ತು, ಡಬ್ಬಿ ಒಳಗಿನ ಪಟ್ಟಿ ಹಸರಾಗಿತ್ತು, ಗಾಜಿನ ಅಂಚಿಗೆ ಪದರು ಬಿಟ್ಟು ಹಾಲಿನಂಗ ಬೆಳ್ಳಗ. ಅಲ್ಲಿ ನಾನೇ ತಗೀರಿ ಅಂದೆ. ಅಂದ್ರ ವಯಸ್ಸು ನೋಡಿ ತೀರ್ಮಾನ ಮಾಡೂದಲ್ಲ, ಒಂದೊಂದರ ನಾಡಿ ಹಿಡದು ನೋಡಬೇಕು.

ಈಗ ಭಂಗಾರ್‌ದವನ ಮಾತಿಗೆ ಬರೂಣು. ನಾನು ಪುಣೆಗೆ ಹೊಸದಾಗಿ ಬಂದಾಗ ಓಣಿಯೊಳಗ ಒಬ್ಬ "ಭಂಗಾರ್, ಭಂಗಾರ್" ಅಂತ ಒದರಕೋತ ಹೊಂಟಿದ್ದ, ನಮ್ಮವ್ವ ಊರಿಂದ ಬಂದಾಕಿ ಬಾಲ್ಕನಿಗೆ ಓಡಿ ಹೋಗಿ "ಇಲ್ಲಿ ಬಂಗಾರ ಕೈಗಾಡಿ ಮ್ಯಾಲೆ ಮಾರ್ತಾರೇನೋ" ಅಂದಿದ್ಲು. ಗುಜರಿಗೆ ಮರಾಠಿಯೊಳಗ ಭಂಗಾರ್ ಅಂತಾರ ಅಂದ ಮ್ಯಾಲೆ ನಕ್ಕಿದ್ದೇ ನಕ್ಕಿದ್ದು. ಸೋಲಾರ್ ಪ್ಯಾನೆಲ್ ವಿಷಯದಾಗ ಮಾತ್ರ ನಮ್ಮವ್ವ ಅಂದದ್ದೇ ಹತ್ರ, ಅದರೊಳಗ ಬಂಗಾರ ಇಲ್ಲದಿದ್ರೂ ಬೆಳ್ಳಿ ಅದ.

ಆದ್ರ ಆ ಬೆಳ್ಳಿ ಭಂಗಾರ್‌ದವಗ ಸಿಗೂದಿಲ್ಲ. ಒಮ್ಮೆ ಹಡಪ್ಸರ್ ಆಚೆ ಒಂದು ಗುಜರಿ ಯಾರ್ಡ್‌ದಾಗ ನಿಂತು ನೋಡೀನಿ. ಹದಿನೆಂಟು ಇಪ್ಪತ್ತರ ಹುಡುಗ, ಕಾಲಾಗ ಚಪ್ಪಲಿ, ಕೈಗೆ ಗ್ಲೌಸ್ ಇಲ್ಲ. ಪ್ಯಾನೆಲ್ ಅಂಚಿಗೆ ನಿಲ್ಲಿಸಿ ಮೂಲಿಗೆ ಎರಡು ಸುತ್ತಿಗೆ ಏಟು, ಸ್ಕ್ರೂಡ್ರೈವರ್ ತುರುಕಿ ಎತ್ತಿದ, ಫ್ರೇಮಿನ ನಾಕು ಪಟ್ಟಿ ಐದು ನಿಮಿಷದಾಗ ಹೊರಗ. ವೈರ್ ಕತ್ತರಿಸಿದ, ಡಬ್ಬಿ ಕಿತ್ತ. ಗಾಜು ಅಷ್ಟೊತ್ತಿಗೆ ಪುಡಿಪುಡಿ, ಆದ್ರ ಒಂದು ಚೂರೂ ಕೆಳಗ ಬೀಳಲಿಲ್ಲ, ಇಡೀ ಹಾಳಿ ತೊಯ್ಸಿದ ಹಪ್ಪಳದಂಗ ಜೋತು ಬಿತ್ತು, ಇಬ್ರು ಎರಡೂ ಕಡೆ ಹಿಡದು ಒಯ್ದು ಹಿಂದಿನ ಗ್ವಾಡಿ ಆಚೆ ಎಸದ್ರು. ಆಚೆ ನೋಡಿದ್ರ ನಾಲಾ, ನಾಲಾದ ದಂಡಿಗೆ ಅಂಥಾ ಹಪ್ಪಳದ ರಾಶಿ, ಮ್ಯಾಲೆ ಮಳಿ ಬೀಳಾಕ ಹತ್ತಿತ್ತು. ಆ ಹುಡುಗನ್ನ ಬೈಯಾಕ ನನಗ ಮನಸ್ಸು ಬರಲಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಕೊಟ್ಟವರು ಯಾರೋ ನಮ್ಮಂಥಾ ಓದಿದ ಸೊಸೈಟಿಯವರೇ.

ಲೆಕ್ಕ ನೋಡ್ರಿ. ನಿಮ್ಮ ಪ್ಯಾನೆಲ್ ಒಂದು ಸುಮಾರು 19 ಕೆಜಿ. ಅದರಾಗ ಗಾಜೇ 13 ಕೆಜಿ. ಅಲ್ಯುಮಿನಿಯಂ ಫ್ರೇಮ್ ಎರಡು, ಎರಡೂವರೆ ಕೆಜಿ. ಸಿಲಿಕಾನ್, ಅಂದ್ರ ಸೆಲ್ ಮಾಡಿದ ಮಾಲು, ಅರ್ಧ ಕೆಜಿಗಿಂತ ಸ್ವಲ್ಪ ಹೆಚ್ಚು. ಉಳದದ್ದು ಪ್ಲಾಸ್ಟಿಕ್ ಪದರು, ಡಬ್ಬಿ, ತಾಮ್ರದ ಪಟ್ಟಿ, ವೈರು, ಮತ್ತ ಬೆಳ್ಳಿ ಅಂದ್ರ ಸೆಲ್ ಮ್ಯಾಲೆ ಬಿಳಿ ಗೆರಿ ಕಾಣ್ತಾವಲ್ಲ ಅದು, ಇಡೀ ಪ್ಯಾನೆಲ್‌ಗೆ ಕೆಲವೇ ಗ್ರಾಂ. 40 ಸೇರಿದ್ರ ಮುಕ್ಕಾಲು ಟನ್ ಮಾಲು, ಅದರೊಳಗ ಭಂಗಾರ್‌ದವ ಮುಟ್ಟೂದು ಬರೀ ಒಂದು ಕ್ವಿಂಟಲ್ ಆಸುಪಾಸು, ಫ್ರೇಮು ಮತ್ತ ವೈರು. ಆ 250 ರೂಪಾಯಿ ಬರೂದು ಅಲ್ಲಿಂದ. ಉಳದ ಆರೂವರೆ ಕ್ವಿಂಟಲ್ ನಾಲಾದ ದಂಡಿಗೆ.

ಇದರಾಗಿನ ಸೂಕ್ಷ್ಮ ಏನಂದ್ರ, ಬಿಚ್ಚಾಕ ಸರಳ ಇದ್ದದ್ದಕ್ಕೇ ಬೆಲಿ ಅದ, ಬಿಚ್ಚಾಕ ಕಠಿಣ ಇದ್ದದ್ದು ಖರ್ಚಿನ ಬಾಬು. ರಿಸೈಕ್ಲರ್‌ಗೆ ಫ್ರೇಮ್ ಇದ್ದ ಇಡೀ ಪ್ಯಾನೆಲ್ ಕೊಟ್ರ ಆ ಅಲ್ಯುಮಿನಿಯಂ ರೊಕ್ಕದೊಳಗ ಅವ ಒಳಗಿನ ಗಾಜು ಸಿಲಿಕಾನ್ ಬಿಡಿಸೋ ಖರ್ಚು ತೂಗಿಸಿಕೊಳ್ತಾನ. ಫ್ರೇಮ್ ನೀವು ಮೊದಲೇ ಮಾರಿಕೊಂಡು ಹಪ್ಪಳ ಮಾತ್ರ ಒಯ್ದು ಕೊಟ್ರ ಅವ ನಿಮ್ಮನ್ನೇ ರೊಕ್ಕ ಕೇಳ್ತಾನ, ಕೇಳೂದೂ ನ್ಯಾಯ. ಕೆನಿ ತಗದು ಹಾಲು ಕೊಟ್ಟು ಬೆಣ್ಣಿ ಯಾಕ ಬರಲಿಲ್ಲ ಅಂದ್ರ ಹೆಂಗ?

ಒಳಗಿಂದು ಯಾಕ ಕಠಿಣ ಅಂತ ಕೇಳಬಹುದು. ಗಾಜು, ಅದರ ಕೆಳಗ ಇವಿಎ ಅನ್ನೋ ಪಾರದರ್ಶಕ ಪ್ಲಾಸ್ಟಿಕ್ ಹಾಳಿ, ಆಮ್ಯಾಲೆ ಸೆಲ್ಲು, ಮತ್ತೊಂದು ಇವಿಎ, ಕಡೀಕ ಬ್ಯಾಕ್‌ಶೀಟ್. ಇದನ್ನೆಲ್ಲಾ ಫ್ಯಾಕ್ಟರಿಯೊಳಗ ಸುಮಾರು 150 ಡಿಗ್ರಿಗೆ ಗಾಳಿ ಎಳದು ಒತ್ತಿ ಬೇಯಸ್ತಾರ. ಬೆಂದ ಮ್ಯಾಲೆ ಆ ಇವಿಎ ಮತ್ತ ಮೇಣದಂಗ ಕರಗೂದಿಲ್ಲ, ಬೆಂದ ರೊಟ್ಟಿ ಮತ್ತ ಹಿಟ್ಟಾಗೂದಿಲ್ಲಲ್ಲ ಹಂಗ. 25 ವರ್ಷ ಮಳಿ ಬಿಸಿಲಿಗೆ ಬಿಡಬಾರ್ದು ಅಂತ ಅಂಟಿಸಿದ್ದನ್ನ ನಾವು ಒಂದು ತಾಸಿನ್ಯಾಗ ಬಿಡಸ್ತೀವಿ ಅಂದ್ರ ಆಗೂದಿಲ್ಲ. ಹಿಂಗಾಗಿ ಸರಳ ಪ್ಲಾಂಟ್‌ನವರು ಇಡೀದನ್ನ ಪುಡಿ ಮಾಡಿ ಜರಡಿ ಹಿಡದು ಗಾಜಿನ ಪುಡಿ, ಲೋಹದ ಪುಡಿ, ಪ್ಲಾಸ್ಟಿಕ್ ಅಂತ ಬೇರೆ ಮಾಡ್ತಾರ, ಗಾಜಿನಾಗ ಸ್ವಲ್ಪ ಎಲ್ಲಾ ಬೆರಕಿ ಉಳೀತದ. ಇನ್ನೂ ಮುಂದ ಹೋದವರು ಕುಲುಮಿಯೊಳಗ 500 ಡಿಗ್ರಿ ಹತ್ರ ಇಟ್ಟು ಇವಿಎ ಹೊಗಿ ಮಾಡಿ ಆ ಹೊಗಿ ಸ್ವಚ್ಛ ಮಾಡೋ ಯಂತ್ರಕ್ಕ ಬಿಡ್ತಾರ, ಇಲ್ಲಾ ಕಾದ ಬ್ಲೇಡಿಲೆ ಗಾಜಿನ ಬೆನ್ನಿಂದ ಸೆಲ್ಲಿನ ಪದರು ಹೆರೀತಾರ, ಆಮ್ಯಾಲೆ ಸೆಲ್ಲನ್ನ ನೈಟ್ರಿಕ್ ಆಸಿಡ್‌ನ್ಯಾಗ ಹಾಕಿ ಬೆಳ್ಳಿ ತಗೀತಾರ. ಅದು ಪ್ಲಾಂಟ್‌ದ ಕೆಲಸ. ಯಾರೋ ಹಿತ್ತಲದಾಗ ಬಕೆಟ್ ಆಸಿಡ್ ಇಟ್ಟು ಮಾಡ್ತೀನಿ ಅಂದ್ರ ಅಲ್ಲಿಂದ ಓಡಿ ಬರ್ರಿ. ಗಾಜಿನ ಕಥಿನೂ ನೆಟ್ಟಗಿಲ್ಲ, ಸೋಲಾರ್ ಗಾಜಿಗೆ ಆಂಟಿಮನಿ ಅನ್ನೋ ಧಾತು ಹಾಕಿರ್ತಾರ, ಹಿಂಗಾಗಿ ಕಿಟಕಿ ಗಾಜು ಮಾಡೋರು ಅದನ್ನ ತಗೋಳಾಕ ಮೂಗು ಮುರೀತಾರ.

ಹೊರದೇಶದವರೂ ಇದರಾಗ ಹಳಬರೇನಲ್ಲ. ಯುರೋಪಿನವರು 2012ರಾಗ ಪ್ಯಾನೆಲ್‌ಗಳನ್ನ ಇ-ವೇಸ್ಟ್ (ಕೆಟ್ಟ ಕರೆಂಟ್ ಸಾಮಾನಿನ ಕಸ) ಕಾಯ್ದೆಗೆ ತಂದ್ರು, ಫ್ರಾನ್ಸಿನ ರೂಸೆ ಅನ್ನೋ ಊರಾಗ ಬರೀ ಪ್ಯಾನೆಲ್ ಸಲುವಾಗಿ ಒಂದು ಪ್ಲಾಂಟ್ ಶುರು ಆದದ್ದು 2018ರಾಗ. ಅಮೆರಿಕಾದ ಫಸ್ಟ್ ಸೋಲಾರ್ ಮಾತ್ರ 2005ರಿಂದಲೇ ತನ್ನ ಪ್ಯಾನೆಲ್ ತಾನೇ ವಾಪಸ್ ತಗೋಳಾಕ ಶುರು ಮಾಡಿತ್ತು, ಯಾಕಂದ್ರ ಅವರದ್ದು ಕ್ಯಾಡ್ಮಿಯಂ ಅನ್ನೋ ವಿಷದ ಲೋಹ ಇರೋ ಪ್ಯಾನೆಲ್, ಬಿಟ್ರ ಮರ್ಯಾದಿ ಹೋಗ್ತಿತ್ತು.

ಕ್ಯಾಡ್ಮಿಯಂ ಅಂದ ಕೂಡ್ಲೇ ನಿಮ್ಮ ಕಮಿಟಿಯ ವಿಷದ ಮಾತು. ನಿಮ್ಮ ಟೆರೇಸ್ ಮ್ಯಾಲೆ ಇರೂದು ಚೌಕ ಚೌಕ ನೀಲಿ ಸೆಲ್ ಇರೋ ಸಿಲಿಕಾನ್ ಪ್ಯಾನೆಲ್, ಅದರಾಗ ಕ್ಯಾಡ್ಮಿಯಂ ಇಲ್ಲ. ಕ್ಯಾಡ್ಮಿಯಂ ಇರೂದು ಚೌಕ ಇಲ್ಲದ, ಇಡೀ ಕರ್ರಗ ಕನ್ನಡಿಯಂಗ ಇರೋ ಥಿನ್ ಫಿಲ್ಮ್ ಜಾತಿಯ ಒಂದು ನಮೂನಿಯೊಳಗ, ಅದು ಹೆಚ್ಚಾಗಿ ದೊಡ್ಡ ಸೋಲಾರ್ ಪಾರ್ಕ್‌ಗಳಾಗ, ಸೊಸೈಟಿಯೊಳಗ ನಾನು ನೋಡಿಲ್ಲ. ನಿಮ್ಮದರಾಗ ಇರೂದು ಸೀಸ, ಸೆಲ್ ಕೂಡಿಸಿದ ಬೆಸಿಗಿಯೊಳಗ, ಗ್ರಾಂ ಲೆಕ್ಕದಾಗ. ಗಾಜು ಗಟ್ಟಿ ಇರೂತನಕ ಅದು ಒಳಗೇ ಇರ್ತದ, ಹುಡುಗ್ರು ಬಾಜೂಕ ಪತಂಗ ಹಾರಿಸಿದ್ರ ಏನೂ ಆಗೂದಿಲ್ಲ. ಒಡದು ಪುಡಿ ಆಗಿ ವರ್ಷಗಟ್ಟಲೆ ಮಳಿಯಾಗ ಬಿದ್ರ ಅದು ಮಣ್ಣಿಗೆ ಇಳಿಯೋ ಸಂಭವ ಅದ. ಸುಟ್ರ ಇನ್ನೂ ಕೆಟ್ಟ, ಭಾಳ ಪ್ಯಾನೆಲ್‌ಗಳ ಬ್ಯಾಕ್‌ಶೀಟ್‌ನ್ಯಾಗ ಫ್ಲೋರಿನ್ ಇರೋ ಪ್ಲಾಸ್ಟಿಕ್ ಇರ್ತದ, ಸುಟ್ಟಾಗ ಬರೋ ಹೈಡ್ರೋಜನ್ ಫ್ಲೋರೈಡ್ ಪುಪ್ಪುಸ ತಿಂತದ. ಅಂದ್ರ ಟೆರೇಸ್ ಮ್ಯಾಲೆ ಇದ್ದಾಗ ವಿಷ ಅಲ್ಲ, ನಾಲಾದ ದಂಡಿಗೆ ಹೋದ ಮ್ಯಾಲೆ, ಬೆಂಕಿಗೆ ಬಿದ್ದ ಮ್ಯಾಲೆ ವಿಷ. ಆ ವಿಷ ನಮ್ಮ ಹುಡುಗ್ರಿಗಲ್ಲ, ಆ ಯಾರ್ಡ್‌ದ ಹುಡುಗಗ.

ಕಾಯ್ದೆ ಏನ್ ಹೇಳ್ತದ ಅಂತನೂ ಮೀಟಿಂಗ್‌ನ್ಯಾಗ ಕೇಳ್ತಾರ. ಕೇಂದ್ರದ ಇ-ವೇಸ್ಟ್ ನಿಯಮ 2022, ಅದು 2023 ಏಪ್ರಿಲ್ 1ರಿಂದ ಜಾರಿ, ಅದರೊಳಗ ಸೋಲಾರ್ ಪ್ಯಾನೆಲ್ ಸಲುವಾಗಿ ಬೇರೆ ಅಧ್ಯಾಯನೇ ಅದ. ಜವಾಬ್ದಾರಿ ಪ್ಯಾನೆಲ್ ಮಾಡಿದವರದ್ದು ಮತ್ತ ಆಮದು ಮಾಡಿ ಮಾರಿದವರದ್ದು. ಅವರು ಪೋರ್ಟಲ್‌ನ್ಯಾಗ ನೋಂದಣಿ ಮಾಡಬೇಕು, ಲೆಕ್ಕ ಕೊಡಬೇಕು, 2034-35ರ ತನಕ ಬರೋ ಪ್ಯಾನೆಲ್ ಕಸಾನ ಸಿಪಿಸಿಬಿ (ಕೇಂದ್ರದ ಮಾಲಿನ್ಯ ನಿಯಂತ್ರಣ ಮಂಡಳಿ) ಹೇಳಿದಂಗ ಸಂಗ್ರಹ ಮಾಡಿ ಇಡಬೇಕು. ಇದರಾಗ ನನ್ನ ತಕರಾರು ಅದ. ಫ್ರಿಜ್ಜು ಟಿವಿಗೆ ವರ್ಷಕ್ಕಿಷ್ಟು ರಿಸೈಕಲ್ ಮಾಡಿಸಲೇಬೇಕು ಅಂತ ಗುರಿ ಹಾಕಿದ್ದಾರ, ಪ್ಯಾನೆಲ್‌ಗೆ ಮಾತ್ರ ಸದ್ಯ ಇಡ್ರಿ ಅಂತ. ಇಡೂದು ಅಂದ್ರ ನಮ್ಮ ದೇಶದಾಗ ಏನಾಗ್ತದ ನಿಮಗ ಗೊತ್ತದ, ಅಟ್ಟದ ಮ್ಯಾಲೆ ಇಟ್ಟ ಹಳೆ ಟ್ರಂಕ್ ಮೂರು ತಲಿ ಇಳಿಯೂದಿಲ್ಲ. ಅಷ್ಟೊತ್ತಿಗೆ ಮಾಲು ಎಷ್ಟಾಗ್ತದ ಅಂದ್ರ, ದಿಲ್ಲಿಯ ಸಿಇಇಡಬ್ಲ್ಯೂ ಅನ್ನೋ ಸಂಸ್ಥೆ 2024ರಾಗ ಅಂದಾಜು ಮಾಡಿದ ಪ್ರಕಾರ 2030ರ ಹೊತ್ತಿಗೆ ದೇಶದಾಗ ಒಟ್ಟು ಸುಮಾರು 6 ಲಕ್ಷ ಟನ್, ಅದರಾಗ ಹೆಚ್ಚಿನ ಪಾಲು ರಾಜಸ್ಥಾನ, ಗುಜರಾತ್, ಕರ್ನಾಟಕ, ತಮಿಳುನಾಡು, ಆಂಧ್ರ ಈ ಐದೇ ರಾಜ್ಯದ್ದು. ನಮ್ಮ ಪಾವಗಡ ಪಾರ್ಕ್ ಒಂದೇ 2,050 ಮೆಗಾವ್ಯಾಟ್. ನಿಮ್ಮ 40 ಅದರ ಮುಂದ ಏನೂ ಅಲ್ಲ ಖರೆ, ಆದ್ರ ಪಾರ್ಕಿನ ಮಾಲಿಗೆ ಕಂಪನಿ ಇರ್ತದ, ಲೆಕ್ಕ ಇರ್ತದ, ಟೆರೇಸ್‌ದ ಮಾಲೇ ಎಲ್ಲಿ ಹೋತು ಅಂತ ಯಾರಿಗೂ ಗೊತ್ತಾಗದಂಗ ಮಾಯ ಆಗೂದು.

ಹಾಕಿಕೊಟ್ಟವರು ಹೋದ್ರೂ ಪ್ಯಾನೆಲ್ ಮಾಡಿದ ಕಂಪನಿ ಇರಬಹುದಲ್ಲ. ಪ್ಯಾನೆಲ್ ಬೆನ್ನಿಗೆ ಸ್ಟಿಕ್ಕರ್ ಇರ್ತದ, ಬ್ರ್ಯಾಂಡು, ಮಾಡೆಲ್ಲು, ಸೀರಿಯಲ್ ನಂಬರ್. 40ರದ್ದೂ ಮೊಬೈಲಿನ್ಯಾಗ ಫೋಟೋ ಹೊಡೀರಿ, ಎಕ್ಸೆಲ್‌ದಾಗ ಬರೀರಿ, ಮುಂದ ಒಂದು ಕಾಲಂ ವೋಲ್ಟು, ಒಂದು ಕಾಲಂ ಬೆನ್ನು ಹೆಂಗದ ಅಂತ. ಕಂಪನಿಗೆ ಈಮೇಲ್ ಹಾಕಿ ಎರಡು ಮಾತು ಕೇಳ್ರಿ, ಪವರ್ ವಾರಂಟಿ ಇನ್ನೂ ನಡದದ, ಕಡಿಮಿ ಕೊಡೋ ಪ್ಯಾನೆಲ್‌ಗೆ ಏನ್ ಮಾಡ್ತೀರಿ, ಮತ್ತ ಸತ್ತವನ್ನ ಇ-ವೇಸ್ಟ್ ನಿಯಮದ ಪ್ರಕಾರ ಯಾವಾಗ ವಾಪಸ್ ಒಯ್ತೀರಿ. ಉತ್ತರ ಬರ್ತದ ಅಂತ ನಾನು ಆಣಿ ಮಾಡೂದಿಲ್ಲ, ಆದ್ರ ಬಿಲ್ಲು ಮತ್ತ ಸೀರಿಯಲ್ ನಂಬರ್ ಇದ್ದವರಿಗೆ ಉತ್ತರ ಬರೋ ಸಂಭವ ಹೆಚ್ಚು, ಇಲ್ಲದವರಿಗೆ ಆಟೋ ರಿಪ್ಲೈ.

ಉತ್ತರ ಬರಲಿಲ್ಲ ಅಂದ್ರ ನೀವೇ ರಿಸೈಕ್ಲರ್ ಹುಡುಕಬೇಕು. ಸಿಪಿಸಿಬಿ ಇ-ವೇಸ್ಟ್ ಪೋರ್ಟಲ್‌ದಾಗ ರಾಜ್ಯವಾರು ರಿಜಿಸ್ಟರ್ ಆದವರ ಪಟ್ಟಿ ಅದ, ಮಹಾರಾಷ್ಟ್ರದವರು ಸಾಕಷ್ಟು ಇದ್ದಾರ. ಆದ್ರ ಇಲ್ಲೊಂದು ಮೋಸ ಹೋಗೋ ಜಾಗ ಅದ. ಇ-ವೇಸ್ಟ್ ಲೈಸೆನ್ಸ್ ಅದ ಅಂದವರೆಲ್ಲಾ ಪ್ಯಾನೆಲ್ ತಗೋಳೋರಲ್ಲ, ಕಂಪ್ಯೂಟರು ಮೊಬೈಲು ಮಾತ್ರ ಮಾಡೋರು ಭಾಳ. ನಿಯಮದ ಪಟ್ಟಿಯೊಳಗ ಸೋಲಾರ್ ಪ್ಯಾನೆಲ್‌ಗೆ ಸಿಇಇಡಬ್ಲ್ಯೂ 14 ಅಂತ ಕೋಡ್ ಅದ (ಮ್ಯಾಲೆ ಹೇಳಿದ ದಿಲ್ಲಿ ಸಂಸ್ಥೆ ಹೆಸರೂ ಇದೂ ಒಂದೇ, ಆದ್ರ ಇದಕ್ಕೂ ಅದಕ್ಕೂ ಸಂಬಂಧ ಇಲ್ಲ, ನಾನೂ ಮೊದಲ ಗೊಂದಲ ಮಾಡಿಕೊಂಡಿದ್ದೆ). ಅವರ ಎಂಪಿಸಿಬಿ (ಮಹಾರಾಷ್ಟ್ರದ ಮಾಲಿನ್ಯ ನಿಯಂತ್ರಣ ಮಂಡಳಿ) ಪರವಾನಿಗಿ ಕಾಗದದಾಗ ಆ ಕೋಡ್ ಅದನೋ ಇಲ್ಲೋ ಕೇಳ್ರಿ, ಫೋಟೋ ಕಳಸ್ರಿ ಅನ್ರಿ. ಆಮ್ಯಾಲೆ ಸೀದಾ ಕೇಳ್ರಿ, ಫ್ರೇಮ್ ತಗದ ಮ್ಯಾಲೆ ಉಳದ ಗಾಜಿನ ಹಾಳಿ ಏನ್ ಮಾಡ್ತೀರಿ? "ನಮ್ಮಲ್ಲೇ ಮಷೀನ್ ಅದ" ಇಲ್ಲಾ "ಇಂಥಾ ಪ್ಲಾಂಟ್‌ಗೆ ಕಳಸ್ತೀವಿ" ಅಂದ್ರ ಸರಿ. "ಅದೆಲ್ಲಾ ನಾವು ನೋಡ್ಕೋತೀವಿ ಮೇಡಂ" ಅಂದ್ರ ಅವನೂ ಕೋಟು ಹಾಕ್ಕೊಂಡ ಭಂಗಾರ್‌ದವನೇ. ಮಾಲು ಕೊಟ್ಟಾಗ ಸೀರಿಯಲ್ ನಂಬರ್ ಪಟ್ಟಿ ಲಗತ್ತಿಸಿದ ರಸೀದಿ, ರಿಸೈಕಲ್ ಆದ ಮ್ಯಾಲೆ ಸರ್ಟಿಫಿಕೇಟ್, ಎರಡೂ ಸೊಸೈಟಿ ಫೈಲಿಗೆ.

ಒಂದೆರಡು ಪ್ಯಾನೆಲ್ ಸಲುವಾಗಿ ಯಾರೂ ಟೆಂಪೋ ಕಳಸೂದಿಲ್ಲ, ಅದು ಅವರ ತಪ್ಪೂ ಅಲ್ಲ. ನಿಮ್ಮ ಲೈನಿನ ನಾಕು ಸೊಸೈಟಿ ಸೇರಿ 30-40 ಮಾಡಿ ಕೊಟ್ರ ಸಾಗಾಣಿಕಿ ಸುಸೂತ್ರ. ನಮ್ಮವರು ಗಣಪತಿ ಮಂಡಳ ಮಾಡಾಕ ಕೂಡ್ತಾರ, ಇದಕ್ಕ ಕೂಡಾಕ ಏನು ಧಾಡಿ.

ಇನ್ನ ಸಾಲಿಗೆ ದಾನ. ದಾನಕ್ಕ ಬಂದ ಆಕಳ ಹಲ್ಲು ಎಣಿಸಬಾರ್ದು ಅಂತಾರ, ಆದ್ರ ಪ್ಯಾನೆಲ್ ದಾನ ತಗೋಳೋರು ಮಾತ್ರ ಹಲ್ಲು ಎಣಿಸಿಯೇ ತಗೋಬೇಕು. ಟೆಸ್ಟ್‌ನ್ಯಾಗ ಪಾಸ್ ಆದವನ್ನ ಕೊಡೂದಿದ್ರ ಅದಕ್ಕಿಂತ ಒಳ್ಳೇದು ಇಲ್ಲ, ಮರುಬಳಕೆ ಯಾವಾಗ್ಲೂ ರಿಸೈಕಲ್‌ಗಿಂತ ಮ್ಯಾಲೆ. ಆದ್ರ ಬರೀ ಪ್ಯಾನೆಲ್ ಲಾರಿಯೊಳಗ ಹಾಕಿ ಕಳಿಸಿದ್ರ ಸಾಲಿ ಮಾಸ್ತರ್ರು ಏನ್ ಮಾಡ್ತಾರ ಪಾಪ, ಇನ್ವರ್ಟರ್ ಬೇಕು, ಸ್ಟ್ರಕ್ಚರ್ ಬೇಕು, ಅರ್ಥಿಂಗ್ ಬೇಕು, ನೋಡ್ಕೋಳಾಕ ಒಬ್ಬ ವೈರ್‌ಮನ್ ಬೇಕು. ಇದೆಲ್ಲಾ ಸೇರಿಸಿ ಕೊಡೋ ತಾಕತ್ತಿದ್ರ ಕೊಡ್ರಿ. ಒಡದದ್ದು, ಬೆನ್ನು ಸೀಳಿದ್ದು, ಇವನ್ನ ಊರಿಗೆ ಕಳಸೂದು ಅಂದ್ರ ಪುಣೆ ಕಸಾನ ಬೆಳಗಾವಿಗೆ ಒಯ್ದು ಹಾಕಿ ಮ್ಯಾಲೆ ಶಾಲು ಹೊದಿಸಿಕೊಂಡು ಬಂದಂಗ.

ಬಿಚ್ಚೂವಾಗಿನ ಜಾಗ್ರತಿ ಹೇಳಬೇಕು, ಯಾಕಂದ್ರ ವಾಟರ್‌ಪ್ರೂಫಿಂಗ್ ಕಾಂಟ್ರಾಕ್ಟರ್‌ನ ಮಂದಿ "ನಾವೇ ತಗೀತೀವಿ" ಅಂತಾರ. ಬ್ಯಾಡ. ಪ್ಯಾನೆಲ್‌ಗೆ ಸ್ವಿಚ್ ಇಲ್ಲ, ಬೆಳಕು ಇರೂತನಕ ಕರೆಂಟ್ ಇರ್ತದ, ಮೇನ್ ಆಫ್ ಮಾಡಿದ್ರೂ ಇರ್ತದ. ಮೊದಲ ಎಸಿ (ಮನಿ ಕಡೆ ಕರೆಂಟಿನ) ಬ್ರೇಕರ್, ಆಮ್ಯಾಲೆ ಡಿಸಿ (ಪ್ಯಾನೆಲ್ ಕಡೆ ಕರೆಂಟಿನ) ಐಸೊಲೇಟರ್ ಸ್ವಿಚ್ ಆಫ್, ಕ್ಲ್ಯಾಂಪ್ ಮೀಟರ್ ಹಿಡದು ವೈರ್‌ದಾಗ ಹರಿವು ಸೊನ್ನೆ ಅಂತ ನೋಡಿ, ಆಮ್ಯಾಲೇನೇ ಎಂಸಿ4 ಬಿಚ್ಚೂದು. ಹರಿಯೋ ಕರೆಂಟ್‌ನ್ಯಾಗ ಎಳದ್ರ ಡಿಸಿ ಕಿಡಿ ಮನಿ ಕರೆಂಟಿನ ಕಿಡಿಯಂಗ ತಾನೇ ಆರೂದಿಲ್ಲ, ಕೈ ಸುಡ್ತದ. ಹಿಂಗಾಗಿ ಸೋಲಾರ್ ಕೆಲಸ ಗೊತ್ತಿದ್ದ ಇಬ್ರನ್ನ ಒಂದಿನ ಕರೀರಿ, ಬಿಚ್ಚಿದ ಮ್ಯಾಲೆ ಅವರೇ ಟೆಸ್ಟೂ ಮಾಡಿಕೊಡ್ತಾರ. ಕೆಳಗ ಇಳಸೂವಾಗ ಒಂದು ಪ್ಯಾನೆಲ್‌ಗೆ ಇಬ್ರು, ವೈರ್ ಹಿಡದು ನೇತಾಡಿಸಬಾರ್ದು, ತಲಿ ಮ್ಯಾಲೆ ಹೊರಬಾರ್ದು, ಮ್ಯಾಲೆ ಕಾಲಿಟ್ಟು ನಡಿಲೇಬಾರ್ದು, ಕಣ್ಣಿಗೆ ಕಾಣದ ಸೀಳು ಅಲ್ಲೇ ಹುಟ್ಟೂದು. ಪಾರ್ಕಿಂಗ್‌ನ್ಯಾಗ ರಟ್ಟು ಹಾಕಿ ನೆಟ್ಟಗ ನಿಲ್ಲಿಸಿ ಹಗ್ಗ ಬಿಗೀರಿ. ಒಡದ ಎರಡನ್ನ ದಪ್ಪ ಪ್ಲಾಸ್ಟಿಕ್‌ನ್ಯಾಗ ಸುತ್ತಿ ಟೇಪ್ ಹೊಡದು ಮಳಿ ಬೀಳದ ಕಡೆ ಬೇರೆ ಇಡ್ರಿ, ಮ್ಯಾಲೆ ಮಾರ್ಕರ್‌ಲೆ ಬರೀರಿ, ಇಲ್ಲಂದ್ರ ವಾಚ್‌ಮನ್ ಒಂದಿನ ಅದನ್ನೇ ಬಾಗಲಕ್ಕ ಆಸರಿ ಇಟ್ಟಿರ್ತಾನ.

ಭಂಗಾರ್‌ದವನ ಹೊಟ್ಟಿ ಮ್ಯಾಲೂ ಹೊಡೀಬ್ಯಾಡ್ರಿ. ತುಕ್ಕು ಹಿಡದ ಜಿಐ ಸ್ಟ್ರಕ್ಚರ್ ತುಂಡು, ಕ್ಲ್ಯಾಂಪು, ಉಳದ ತಾಮ್ರದ ವೈರು, ಇವನ್ನ ತೂಕಕ್ಕ ಅವನಿಗೇ ಕೊಡ್ರಿ, ಅದರಾಗ ಅವನೇ ನಿಷ್ಣಾತ. ಇನ್ವರ್ಟರ್ ಸತ್ತಿದ್ರ ಅದು ಸಾದಾ ಇ-ವೇಸ್ಟ್, ಯಾವ ರಿಜಿಸ್ಟರ್ ಆದವರೂ ಒಯ್ತಾರ.

ಹೊಸಾವು ಹಾಕಿಸಲೇಬೇಕು ಅಂತ ಕಮಿಟಿ ಹಟ ಹಿಡದ್ರ ಒಂದು ಷರತ್ತು ಹಾಕ್ರಿ. ಕೊಟೇಶನ್‌ನ್ಯಾಗ ಹಳೇ ಪ್ಯಾನೆಲ್ ರಿಜಿಸ್ಟರ್ ಆದ ರಿಸೈಕ್ಲರ್‌ಗೆ ತಲುಪಿಸಿ ಸರ್ಟಿಫಿಕೇಟ್ ಕೊಡೂದು ಅವರ ಕೆಲಸ ಅಂತ ಬರೀರಿ, ಕಡೀ ಕಂತು ಸರ್ಟಿಫಿಕೇಟ್ ಕೈಗೆ ಬಂದ ಮ್ಯಾಲೆ. "ಹಳೇವನ್ನ ನಾವು ಫ್ರೀ ಒಯ್ತೀವಿ" ಅನ್ನೋ ಸೇಲ್ಸ್‌ನವರು ಭಾಳ ಇದ್ದಾರ, ಫ್ರೀ ಒಯ್ದು ಅವ ಚಲೋ ಇದ್ದಾವನ್ನ ಸೆಕೆಂಡ್ ಹ್ಯಾಂಡ್ ಮಾರ್ತಾನ, ಕೆಟ್ಟಾವನ್ನ ಎಲ್ಲಿ ಹಾಕ್ತಾನ ಅಂತ ಮ್ಯಾಲೆ ಹೇಳೀನಿ. ಹಳೇ 250ರ ಜೋಡಿ ಹೊಸಾ 550 ಒಂದೇ ಸರಪಳಿಯೊಳಗ ಕೂಡಿಸೂದೂ ಬ್ಯಾಡ, ಎತ್ತು ಕೋಣ ಒಂದೇ ನೊಗಕ್ಕ ಕಟ್ಟಿದಂಗ. ಒಟ್ಟು ಕಿಲೋವ್ಯಾಟ್ ಬದಲಾದ್ರ ಮಹಾವಿತರಣಕ್ಕ (ಇಲ್ಲಿನ ಕರೆಂಟ್ ಕಂಪನಿ) ಅರ್ಜಿ ಕೊಡೂದು ಮರೀಬ್ಯಾಡ್ರಿ, ನೀವು ಕೊಟ್ಟ, ತಗೊಂಡ ಕರೆಂಟ್ ಎಣಿಸೋ ನೆಟ್ ಮೀಟರ್ ಅವರದ್ದು.

ಸದ್ಯಕ್ಕ ಯಾವುದಕ್ಕೂ ಸಹಿ ಮಾಡಬ್ಯಾಡ್ರಿ. ನಾಳೆ ಬಿಸಿಲಿದ್ರ ಹನ್ನೆರಡರಿಂದ ಒಂದರೊಳಗ ಇನ್ವರ್ಟರ್ ಡಿಸ್‌ಪ್ಲೇಯ ಪಿವಿ1, ಪಿವಿ2 ಎರಡರದ್ದೂ ಫೋಟೋ, ಮತ್ತ ಯಾವುದಾದ್ರೂ ಒಂದು ಪ್ಯಾನೆಲ್ ಬೆನ್ನಿನ ಸ್ಟಿಕ್ಕರ್ ಫೋಟೋ ಹೊಡದು ಕಳಸ್ರಿ, ಅದನ್ನ ನೋಡಿ ಫ್ಯೂಸೋ ಕನೆಕ್ಟರೋ ಹೇಳ್ತೀನಿ. ಡಿಸಿ ಬಾಕ್ಸ್ ಮಾತ್ರ ನೀವೇ ತಗೀಬ್ಯಾಡ್ರಿ.